ಹಸುವಿನ ಉಸಿರು ನೋಡುವ ಮೀಟರ್: ಕೊಟ್ಟಿಗೆಯಲ್ಲಿ ಬಳಸಿ ಬರೆದ ವಿಮರ್ಶೆ

ಮೊದಲು ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಹಸುವಿನ ಉಸಿರಿನಲ್ಲಿ ಕೀಟೋಸಿಸ್ ಅನ್ನುವ ಕಾಯಿಲೆಯ ಸುಳಿವು ಹುಡುಕುವ ಈ ಮೀಟರ್, ಕೊಟ್ಟಿಗೆಯಲ್ಲಿ ಯಾವಾಗಲೂ ಹೊಸದಾಗಿ ಕರು ಹಾಕಿದ ಹಸುಗಳು ಇರುವವರಿಗೆ ಕೆಲಸಕ್ಕೆ ಬರುತ್ತದೆ. ಇವತ್ತು ಯಾವ ಹಸುವಿನ ರಕ್ತ ನೋಡಬೇಕು ಅನ್ನುವುದನ್ನು ಇದು ಚೆನ್ನಾಗಿ ತೋರಿಸುತ್ತದೆ. ಹಸುವಿಗೆ ಏನಾಗಿದೆ ಅಂತ ಮಾತ್ರ ಇದನ್ನು ಕೇಳಬಾರದು. ಡಬ್ಬಿಯ ಮೇಲೆ ‘ಉಸಿರಿನಿಂದಲೇ ರೋಗ ಪತ್ತೆ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಅದನ್ನೇ ನಂಬಿ ತಂದವರಿಗೆ ಬೇಸರವಾಗುತ್ತದೆ. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಕೆಲವು ತೊಂದರೆಗಳನ್ನೂ ಬರೆಯುವುದಿದೆ, ಹಾಗಾಗಿ ಕಂಪನಿಯ ಹೆಸರು ಹಾಕಿಲ್ಲ. ಇದೇ ಬಗೆಯ ಬೇರೆ ಮೀಟರ್ ನೋಡುತ್ತಿರುವವರಿಗೂ ಇಲ್ಲಿನ ಹೆಚ್ಚಿನ ಮಾತು ಹೊಂದುತ್ತದೆ.

ನಮ್ಮದು ನಾನು, ಅಣ್ಣ, ಅತ್ತಿಗೆ ಮೂವರೂ ಸೇರಿ ನೋಡಿಕೊಳ್ಳುವ ಕೊಟ್ಟಿಗೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮತ್ತು ಜರ್ಸಿ ಮಿಶ್ರತಳಿಗಳೇ ಜಾಸ್ತಿ. ವರ್ಷದ ಎಲ್ಲ ಕಾಲದಲ್ಲೂ ಯಾವುದೋ ಒಂದು ಹಸು ಕರು ಹಾಕಿರುತ್ತದೆ. ಕರು ಹಾಕಿದ ಮೇಲಿನ ಎರಡು ಮೂರು ವಾರ ನಮಗೆ ನಿದ್ದೆ ಕಡಿಮೆ. ಮೈಯ ಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಅನ್ನುವ ವಸ್ತುಗಳು ಹೆಚ್ಚಾಗುವ ಕಾಯಿಲೆಯೇ ಕೀಟೋಸಿಸ್, ಅದು ಬರುವುದು ಹೆಚ್ಚಾಗಿ ಆಗಲೇ. ಜೋರಾಗಿ ಬಂದರೆ ಯಾರಿಗಾದರೂ ಕಾಣುತ್ತದೆ. ಹಸು ಹಿಂಡಿ ತಿನ್ನುವುದನ್ನು ಬಿಡುತ್ತದೆ, ಮೈ ಇಳಿಯುತ್ತದೆ, ಹಾಲು ಬೀಳುತ್ತದೆ. ಒಳಗೊಳಗೇ ಇರುವ ಕೀಟೋಸಿಸ್ ಕಣ್ಣಿಗೆ ಕಾಣುವುದಿಲ್ಲ. ಹಾಲಿನ ಲೆಕ್ಕ ಬರೆಯುವಾಗ ‘ಇದ್ಯಾಕೋ ಏರ್ತಾನೇ ಇಲ್ಲ’ ಅನ್ನಿಸುವ ಹೊತ್ತಿಗೆ ಒಳ್ಳೆಯ ದಿನಗಳು ಕಳೆದಿರುತ್ತವೆ. ನಾನು ಈ ಮೀಟರ್ ತಂದದ್ದು ಆ ಮೊದಲ ದಿನಗಳಿಗಾಗಿಯೇ.

ಉಸಿರಿಗೂ ಕೀಟೋಸಿಸ್‌ಗೂ ಏನು ನಂಟು ಅಂತ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮೀಟರ್ ತೋರಿಸುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಕರು ಹಾಕಿದ ಮೇಲೆ ಹಾಲು ಏರುವಷ್ಟು ಬೇಗ ಹಸುವಿನ ಹಸಿವು ಏರುವುದಿಲ್ಲ. ಒಂದು ಲೀಟರ್ ಹಾಲಿನಲ್ಲಿ ಸುಮಾರು 45ರಿಂದ 50 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅದಕ್ಕೆ ಗ್ಲೂಕೋಸ್ ಬೇಕೇ ಬೇಕು. ಮೆಲುಕು ಹಾಕುವ ಪ್ರಾಣಿಗೆ ತಿಂದ ಮೇವಿನಿಂದ ನೇರವಾಗಿ ಸಿಗುವ ಗ್ಲೂಕೋಸ್ ತೀರಾ ಕಡಿಮೆ. ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸಿ ಆಮ್ಲ ಮಾಡಿಬಿಡುತ್ತವೆ. ಅದರಲ್ಲಿ ಒಂದಾದ ಪ್ರೊಪಿಯೋನಿಕ್ ಆಮ್ಲದಿಂದ ಲಿವರ್ ಗ್ಲೂಕೋಸ್ ತಯಾರಿಸಿಕೊಳ್ಳಬೇಕು. ತಿಂದದ್ದು ಸಾಲದಾದಾಗ ಮೈಯ ಕೊಬ್ಬು ಕರಗಿ ಲಿವರ್‌ಗೆ ಬರುತ್ತದೆ. ಅಷ್ಟನ್ನೂ ಪೂರ್ತಿ ಉರಿಸಲು ಲಿವರ್‌ಗೆ ಆಗುವುದಿಲ್ಲ. ಉಳಿದದ್ದು ಕೀಟೋನ್ ಆಗಿ ರಕ್ತಕ್ಕೆ ಸೇರುತ್ತದೆ.

ಈ ಕೀಟೋನ್‌ಗಳು ಮೂರು. ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅಸಿಟೋಅಸಿಟೇಟ್, ಅಸಿಟೋನ್. ಮೊದಲನೆಯದನ್ನು ಡಾಕ್ಟರುಗಳು ಬಿಎಚ್‌ಬಿ ಅನ್ನುತ್ತಾರೆ, ರಕ್ತದಲ್ಲಿ ಅಳೆಯುವುದು ಅದನ್ನೇ. ಅಸಿಟೋಅಸಿಟೇಟ್ ತನ್ನಷ್ಟಕ್ಕೆ ತಾನೇ ಒಡೆದು ಅಸಿಟೋನ್ ಆಗುತ್ತದೆ. ಅಸಿಟೋನ್ ಬಲು ಬೇಗ ಆವಿಯಾಗುವ ವಸ್ತು, ಕುದಿಯುವುದೇ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರಕ್ತ ಶ್ವಾಸಕೋಶದ ಮೂಲಕ ಹಾದುಹೋಗುವಾಗ ಅದು ಗಾಳಿಗೆ ಸೇರಿ ಉಸಿರಿನಲ್ಲಿ ಹೊರಗೆ ಬರುತ್ತದೆ. ಮೀಟರ್ ಹಿಡಿಯುವುದು ಅದನ್ನು.

ಕೆಲವರ ಮೂಗೂ ಅದನ್ನು ಹಿಡಿಯುತ್ತದೆ. ನಮ್ಮ ಅತ್ತಿಗೆ ಹಸುವಿನ ಮೂತಿಯ ಹತ್ತಿರ ಬಗ್ಗಿ, ‘ಇವಳ ಉಸಿರು ಸಿಹಿ ಸಿಹಿ ನಾರ್ತಿದೆ, ನೋಡು’ ಅನ್ನುತ್ತಾರೆ. ನನಗೆ ಎಷ್ಟು ಹತ್ತಿರ ಹೋದರೂ ಹಿಂಡಿಯ ವಾಸನೆ ಬಿಟ್ಟು ಬೇರೇನೂ ಬರುವುದಿಲ್ಲ. ಅಣ್ಣನಿಗೂ ಅಷ್ಟೇ. ಈ ವಾಸನೆ ಎಲ್ಲರ ಮೂಗಿಗೂ ಸಿಗುವಂಥದ್ದಲ್ಲ ಅಂತ ಡಾಕ್ಟರೂ ಹೇಳಿದರು. ಅತ್ತಿಗೆ ಇಲ್ಲದ ದಿನ ಯಾರು ನೋಡಬೇಕು, ಅಲ್ವಾ? ಹಾಗಂತ ಅವರ ಮೂಗಿಗೂ ಒಂದು ಮಿತಿ ಇದೆ. ವಾಸನೆ ಗೊತ್ತಾಗುವಷ್ಟು ಅಸಿಟೋನ್ ಬರುವ ಹೊತ್ತಿಗೆ ಕಾಯಿಲೆ ಮುಂದೆ ಹೋಗಿರುತ್ತದೆ.

ಇನ್ನು ವಸ್ತುವಿನ ಬಗ್ಗೆ. ಒಂದು ಟಾರ್ಚಿನಷ್ಟು ದಪ್ಪದ ಹಿಡಿ, ಅದರ ತುದಿಗೆ ಮೆತ್ತನೆಯ ಸಿಲಿಕಾನ್ ಮುಖವಾಡ. ಮುಖವಾಡ ಹಸುವಿನ ಮೂಗು ಬಾಯಿ ಎರಡನ್ನೂ ಮುಚ್ಚುತ್ತದೆ. ಒಂದು ಕಡೆಯಿಂದ ಗಾಳಿ ಒಳಗೆ ಬರುತ್ತದೆ, ಇನ್ನೊಂದು ಕಡೆಯಿಂದ ಮಾತ್ರ ಹೊರಗೆ ಹೋಗುತ್ತದೆ. ಹೊರಗೆ ಹೋಗುವ ದಾರಿಯಲ್ಲಿ ತೇವ ಹಿಡಿಯುವ ಫಿಲ್ಟರ್, ಅದರ ಹಿಂದೆ ಸೆನ್ಸರ್. ಸೆನ್ಸರ್ ಲೋಹದ ಆಕ್ಸೈಡಿನದು. ಅದು ಬಿಸಿಯಾಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಸ್ವಿಚ್ ಹಾಕಿ ಸ್ವಲ್ಪ ಹೊತ್ತು ಕಾಯಬೇಕು. ಅಸಿಟೋನ್ ತಾಗಿದಾಗ ಅದರಲ್ಲಿ ವಿದ್ಯುತ್ ಹರಿಯುವ ರೀತಿ ಬದಲಾಗುತ್ತದೆ. ಆ ಬದಲಾವಣೆಯನ್ನೇ ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಲೆಕ್ಕದಲ್ಲಿ ಪರದೆಯ ಮೇಲೆ ತೋರಿಸುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ಅಳೆಯುವ ಇನ್ನೊಂದು ಸೆನ್ಸರ್ ಇದೆ. ಈ ಎರಡನೆಯದು ಇಲ್ಲದ ಮೀಟರನ್ನು ಹಸುವಿಗೆ ಕೊಳ್ಳಲೇಬೇಡಿ. ಕಾರಣ ಹೇಳುತ್ತೇನೆ.

ಮನುಷ್ಯರಿಗೆ ‘ಉದ್ದಕ್ಕೆ ಊದಿ’ ಅನ್ನಬಹುದು. ಹಸುವಿಗೆ ಹೇಳಲಾಗುವುದಿಲ್ಲ. ಉಸಿರು ಬಿಡುವಾಗ ಮೊದಲು ಬರುವ ಗಾಳಿ ಮೂಗು ಮತ್ತು ಗಂಟಲಿನದು. ಶ್ವಾಸಕೋಶದ ಆಳದ ಗಾಳಿ ಬರುವುದು ಕೊನೆಗೆ. ರಕ್ತದ ಸುದ್ದಿ ಇರುವುದು ಆ ಕೊನೆಯ ಗಾಳಿಯಲ್ಲಿ. ಉಸಿರಿನ ಕೊನೆಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಸುಮಾರು 5ಕ್ಕೆ ಏರುತ್ತದೆ. ಆಗ ಬಂದ ಗಾಳಿಯನ್ನು ಮಾತ್ರ ಮೀಟರ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇದು ಒಂದು ಉಪಯೋಗ.

ಇನ್ನೊಂದು ದೊಡ್ಡ ಉಪಯೋಗ ತೇಗಿನ ವಿಷಯದಲ್ಲಿ. ಹಸು ತೇಗುತ್ತಲೇ ಇರುತ್ತದೆ. ದೊಡ್ಡ ಹೊಟ್ಟೆಯ ಗಾಳಿಯಲ್ಲಿ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್. ಒಂದು ದೊಡ್ಡ ಹಸು ದಿನಕ್ಕೆ 250ರಿಂದ 500 ಲೀಟರ್ ಮೀಥೇನ್ ಬಿಡುತ್ತದೆ, ಅದರಲ್ಲಿ ಬಹುಪಾಲು ಬಾಯಿ ಮೂಗಿನಿಂದಲೇ. ಹಿಂದಿನಿಂದ ಹೋಗುವುದು ಸ್ವಲ್ಪ ಮಾತ್ರ. ತೇಗಿದ ಗಾಳಿಯನ್ನು ಹಸು ಮತ್ತೆ ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತದೆ, ಅದು ಮುಂದಿನ ಉಸಿರುಗಳಲ್ಲೂ ಬೆರೆತು ಬರುತ್ತದೆ. ಅಂದರೆ ಮುಖವಾಡದೊಳಗೆ ಬರುವುದು ಎರಡು ಕಡೆಯ ಗಾಳಿ. ಶ್ವಾಸಕೋಶದ್ದು, ಹೊಟ್ಟೆಯದ್ದು. ತೇಗು ಬಂದಾಗ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಉಸಿರಿನ ಮಟ್ಟ ದಾಟಿ ಜಿಗಿಯುತ್ತದೆ. ಮೀಟರ್ ಅದನ್ನು ಗುರುತಿಸಿ, ಆ ಅಳತೆಯನ್ನು ಬಿಟ್ಟು, ‘ಕಾಯಿರಿ’ ಅಂತ ಕೆಂಪು ದೀಪ ಹಾಕುತ್ತದೆ. ಈ ಒಂದು ವಿಷಯದಲ್ಲಿ ಮಾಡಿದವರಿಗೆ ಹಸುವಿನ ಪರಿಚಯ ಇದೆ ಅಂತ ನನಗೆ ಖುಷಿಯಾಯಿತು. ಮನುಷ್ಯರ ಮೀಟರಿಗೆ ದೊಡ್ಡ ಮುಖವಾಡ ಅಂಟಿಸಿ ಮಾರುವವರಿಗೆ ಇದು ಹೊಳೆಯುವುದಿಲ್ಲ.

ಹಸುಗಳು ಒಪ್ಪುತ್ತವೆಯೇ? ಒಪ್ಪುತ್ತವೆ, ಆದರೆ ಅಭ್ಯಾಸ ಮಾಡಿಸಬೇಕು. ಗಬ್ಬದ ಕೊನೆಯ ವಾರಗಳಲ್ಲಿ ಸುಮ್ನೆ ಮುಖವಾಡ ತೋರಿಸಿ, ಮೂಸಿಸಿ, ಒಂದೆರಡು ಉಸಿರು ಹಿಡಿದು ಬಿಡುತ್ತಿದ್ದೆವು. ಹಗ್ಗ ಗಿಡ್ಡ ಮಾಡಿ ಕಟ್ಟಿ, ಒಬ್ಬರು ಗದ್ದದ ಕೆಳಗೆ ಕೈಯಿಟ್ಟರೆ ಸಾಕು. ಹೆದರಿದ ಹಸು ಬೇಗ ಬೇಗ, ಮೇಲೆ ಮೇಲೆ ಉಸಿರಾಡುತ್ತದೆ. ಆಗ ಆಳದ ಗಾಳಿ ಬರುವುದೇ ಇಲ್ಲ, ಮೀಟರ್ ಕೆಂಪು ದೀಪದಲ್ಲೇ ನಿಂತುಬಿಡುತ್ತದೆ. ಬಿಸಿಲು ಜೋರಾಗಿ ಹಸು ಏದುಸಿರು ಬಿಡುವಾಗಲೂ ಇದೇ ಕಥೆ. ಬೆಳಗಿನ ತಂಪು ಹೊತ್ತೇ ಸರಿ.

ಹೊತ್ತಿನ ಬಗ್ಗೆ ಇನ್ನೂ ಒಂದು ಮುಖ್ಯ ಮಾತು ಇದೆ. ಕೈಪಿಡಿಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ, ನನಗೆ ಅದು ಸರಿ ಅನ್ನಿಸಲಿಲ್ಲ. ಹೊಸ ರಸಮೇವಿನ (ಹಸಿ ಮೇವನ್ನು ಮುಚ್ಚಿಟ್ಟು ಹುಳಿಸಿದ ಸೈಲೇಜ್) ಗುಂಡಿ ತೆರೆದ ವಾರ ನಮ್ಮ ಎಲ್ಲ ಹಸುಗಳ ಅಳತೆಯೂ ಏರಿತು. ಹಾಲು ಬತ್ತಿಸಿದ ಹಸುಗಳದ್ದೂ ಏರಿತು! ಹಾಲೇ ಕೊಡದ ಹಸುಗಳೆಲ್ಲ ಒಂದೇ ವಾರದಲ್ಲಿ ಕೀಟೋಸಿಸ್‌ಗೆ ಬೀಳುವುದು ಹೇಗೆ? ಡಾಕ್ಟರು ರಕ್ತ ನೋಡಿದರು, ಎಲ್ಲ ಸರಿ ಇತ್ತು. ರಸಮೇವು ಹುಳಿಯುವಾಗ ಆಲ್ಕೋಹಾಲ್ ಹುಟ್ಟುತ್ತದೆ. ಲೋಹದ ಆಕ್ಸೈಡ್ ಸೆನ್ಸರ್‌ಗೆ ಅಸಿಟೋನ್ ಮತ್ತು ಆಲ್ಕೋಹಾಲ್ ನಡುವಿನ ವ್ಯತ್ಯಾಸ ಚೆನ್ನಾಗಿ ತಿಳಿಯುವುದಿಲ್ಲ. ಹಸು ತಿಂದದ್ದರ ವಾಸನೆ ಉಸಿರಿನಲ್ಲೂ ಇತ್ತು, ಕೊಟ್ಟಿಗೆಯ ಗಾಳಿಯಲ್ಲೂ ಇತ್ತು. ಮೇವು ಹಾಕುವ ಮೊದಲು ಬೆಳಗ್ಗೆ ನೋಡಲು ಶುರು ಮಾಡಿದ ಮೇಲೆ ಈ ಗೊಂದಲ ಬಹಳ ಕಡಿಮೆಯಾಯಿತು. ಕೈ ತೊಳೆಯುವ ಸ್ಪಿರಿಟ್ ಹಚ್ಚಿದ ಕೈಯಲ್ಲಿ ಮುಖವಾಡ ಹಿಡಿದರೂ ಸಂಖ್ಯೆ ಜಿಗಿಯುತ್ತದೆ. ಹೊಸ ಪೇಂಟ್ ಹೊಡೆದ ಗೋಡೆಯ ಹತ್ತಿರವೂ ಹಾಗೇ. ಅಳೆಯುವ ಮೊದಲು ಮೀಟರನ್ನು ಕೊಟ್ಟಿಗೆಯ ಹೊರಗೆ ಹಿಡಿದು ಸೊನ್ನೆ ಮಾಡಿ, ಆಮೇಲೆ ಒಳಗಿನ ಬರೀ ಗಾಳಿಯನ್ನು ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಒಳಗಿನ ಗಾಳಿಯಲ್ಲೇ ಸಂಖ್ಯೆ ಬಂದರೆ ಅವತ್ತು ಹಸುವನ್ನು ಹೊರಗೆ ಕಟ್ಟಿ ನೋಡಬೇಕು.

ರಕ್ತದಲ್ಲಿನ ಕೀಟೋನ್ ಕೂಡ ಮೇವು ತಿಂದ ಕೆಲವು ಗಂಟೆಗಳ ನಂತರ ತಾನಾಗಿ ಸ್ವಲ್ಪ ಏರುತ್ತದೆ. ಹಾಗಾಗಿ ಉಸಿರಾಗಲಿ ರಕ್ತವಾಗಲಿ, ದಿನವೂ ಒಂದೇ ಹೊತ್ತಿಗೆ ನೋಡುವುದು ಒಳ್ಳೆಯದು.

ಈಗ ನಮ್ಮ ಕೆಂಪಿ ಅನ್ನುವ ಹಸುವಿನ ವಿಷಯ. ಮೀಟರ್ ತನ್ನ ಬೆಲೆ ತೋರಿಸಿದ್ದು ಇವಳಲ್ಲಿ. ಗಬ್ಬದ ಕೊನೆಯಲ್ಲಿ ಕೆಂಪಿಗೆ ಮೈ ಜಾಸ್ತಿ ಬಂದಿತ್ತು. ಕೊಬ್ಬಿದ ಹಸು ಕರು ಹಾಕಿದರೆ ಕೀಟೋಸಿಸ್ ಭಯ ಹೆಚ್ಚು. ಕರು ಸಲೀಸಾಗಿ ಬಂತು, ಮಾಸೂ ಸರಿಯಾಗಿ ಬಿತ್ತು, ಮೇವಿಗೆ ಬಾಯಿ ಹಾಕುತ್ತಿದ್ದಳು. ಮೊದಲ ವಾರದಲ್ಲೇ ಅಳತೆ ಅವಳ ಮಾಮೂಲಿ ಮಟ್ಟದ ಎರಡು ಪಟ್ಟಾಯಿತು. ನಂತರ ಇನ್ನೂ ಏರಿ ನಾಲ್ಕು ಪಟ್ಟಿನ ಹತ್ತಿರ ಬಂತು. ಬೇರೆ ಹಸುಗಳದ್ದು ಇದ್ದಲ್ಲೇ ಇತ್ತು, ಮೇವು ಬದಲಾಗಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ‘ನೀವು ಸಂಖ್ಯೆ ಹೇಳಬೇಡಿ, ಅವಳದ್ದು ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಹೇಳಿ’ ಅಂದರು. ಹೇಳಿದೆ. ಬಂದು ಬಾಲದ ಬುಡದಿಂದ ಒಂದು ಹನಿ ರಕ್ತ ತೆಗೆದು ನೋಡಿದರು. ಬಿಎಚ್‌ಬಿ ಲೀಟರಿಗೆ 1.8 ಮಿಲಿಮೋಲ್. ಸಾಮಾನ್ಯವಾಗಿ 1.2 ದಾಟಿದರೆ ಒಳಗೊಳಗಿನ ಕೀಟೋಸಿಸ್ ಅನ್ನುತ್ತಾರೆ, 3ರ ಆಸುಪಾಸಿಗೆ ಬಂದರೆ ಹೊರಗೆ ಲಕ್ಷಣ ಕಾಣುವುದು ಹೆಚ್ಚು. ಲಿವರ್ ಗ್ಲೂಕೋಸ್ ಮಾಡಿಕೊಳ್ಳಲು ನೆರವಾಗುವ ಪ್ರೊಪಿಲೀನ್ ಗ್ಲೈಕಾಲ್ ಅನ್ನುವ ದ್ರವವನ್ನು ದಿನಕ್ಕೊಮ್ಮೆ 300 ಮಿಲಿ ಕುಡಿಸಲು ಹೇಳಿದರು. ತಲೆ ಜಾಸ್ತಿ ಎತ್ತದೆ, ನಿಧಾನವಾಗಿ, ಶ್ವಾಸನಾಳಕ್ಕೆ ಹೋಗದ ಹಾಗೆ.

ಡಾಕ್ಟರು ಬಂದುಹೋದ ಮರುದಿನ ಕೆಂಪಿ ಒಣಹುಲ್ಲು ತಿಂದು ಹಿಂಡಿ ಉಳಿಸಿದಳು. ಹಿಂದೆಲ್ಲ ನಮಗೆ ಮೊದಲ ಸುಳಿವು ಸಿಗುತ್ತಿದ್ದದ್ದು ಅಲ್ಲಿಂದ. ಈ ಸಲ ಅದಕ್ಕೆ ಮೊದಲೇ ಔಷಧ ಹೊಟ್ಟೆಗೆ ಹೋಗಿತ್ತು. ಉಸಿರಿನ ಅಳತೆ ನಿಧಾನವಾಗಿ ಇಳಿಯಿತು, ರಕ್ತವನ್ನು ಮತ್ತೆ ನೋಡಿದಾಗ ಅದೂ 1.2ರ ಕೆಳಗೆ ಬಂದಿತ್ತು. ಹಾಲು ಬೀಳಲಿಲ್ಲ. ಮೀಟರ್ ಇಲ್ಲದಿದ್ದರೆ ಬಿದ್ದೇ ಬೀಳುತ್ತಿತ್ತು ಅಂತ ನಾನು ಸಾಧಿಸಲಾರೆ. ಬೇಗ ಗೊತ್ತಾಯಿತು ಅನ್ನುವುದಂತೂ ನಿಜ. ಇಳಿಯುವುದನ್ನು ದಿನವೂ ಸೂಜಿ ಚುಚ್ಚದೆ ನೋಡಲಾದದ್ದೂ ನನಗೆ ದೊಡ್ಡ ವಿಷಯ. ಕರು ಹಾಕಿ ನೊಂದಿರುವ ಹಸುವಿಗೆ ಅಷ್ಟಾದರೂ ನೆಮ್ಮದಿ ಬೇಡವೇ?

ಡಾಕ್ಟರು ಅವತ್ತು ಕೇಳಿದ ಪ್ರಶ್ನೆಯಲ್ಲೇ ಈ ಮೀಟರ್ ಬಳಸುವ ರೀತಿ ಇದೆ. ರಕ್ತಕ್ಕೆ 1.2 ಅನ್ನುವ ಗಡಿಯನ್ನು ಬಹಳ ಜನ ಒಪ್ಪಿದ್ದಾರೆ. ಉಸಿರಿಗೆ ಅಂಥ ಎಲ್ಲರೂ ಒಪ್ಪಿದ ಗಡಿ ಇಲ್ಲ. ಆದರೂ ಈ ಮೀಟರ್ ‘ಕಾಯಿರಿ’ ದೀಪ ಬಿಟ್ಟು, ಅಳತೆಗೇ ಹಸಿರು, ಹಳದಿ, ಕೆಂಪು ಅಂತ ಮೂರು ಬಣ್ಣ ತೋರಿಸುತ್ತದೆ. ಎಲ್ಲ ಹಸುವಿಗೂ ಒಂದೇ ಗಡಿ ಇಟ್ಟು ಬಣ್ಣ ಹಾಕಿದ್ದಾರೆ. ನಮ್ಮಲ್ಲಿ ಒಂದು ಜರ್ಸಿ ಮಿಶ್ರತಳಿ ಆರೋಗ್ಯವಾಗಿದ್ದಾಗಲೂ ಹಳದಿಯಲ್ಲೇ ಇರುತ್ತಾಳೆ. ಅವಳ ರಕ್ತ ಯಾವಾಗ ನೋಡಿದರೂ ಸರಿ ಇದೆ. ಇನ್ನೊಬ್ಬಳು ಹಸಿರಿನಲ್ಲಿ ಇದ್ದುಕೊಂಡೇ ಮೂರು ಪಟ್ಟು ಏರಿದ್ದಳು. ಬಣ್ಣ ನೋಡಿದ್ದರೆ ಅವಳು ತಪ್ಪಿಹೋಗುತ್ತಿದ್ದಳು. ಆದ್ದರಿಂದ ಬಣ್ಣ ಮರೆತುಬಿಡಿ. ಕರು ಹಾಕುವ ಮೊದಲೇ ಪ್ರತಿ ಹಸುವಿನ ಮಾಮೂಲಿ ಮಟ್ಟ ಬರೆದಿಡಿ. ಕರು ಹಾಕಿದ ಮೂರನೇ ದಿನದಿಂದ ಎರಡು ವಾರ ಅದರ ಜೊತೆ ಹೋಲಿಸಿ. ನಾವು ಗೋದಲಿಯ ಮೇಲಿನ ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತೇವೆ. ಯಾರು ಬಂದರೂ ಒಂದು ನೋಟಕ್ಕೆ ಕಾಣುತ್ತದೆ.

ಬೇರೆ ಪರೀಕ್ಷೆಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದೆ. ರಕ್ತದ ಮೀಟರ್ ಎಲ್ಲಕ್ಕಿಂತ ನಂಬಿಕೆಯದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಪ್ರತಿ ಸಲ ಒಂದು ಪರೀಕ್ಷಾ ಪಟ್ಟಿ (ಸ್ಟ್ರಿಪ್) ಖರ್ಚು, ಪ್ರತಿ ಸಲ ಸೂಜಿ. ಗಂಜಲದ ಪಟ್ಟಿಯೂ ಒಳ್ಳೆಯದೇ. ಅದು ಅಸಿಟೋಅಸಿಟೇಟ್ ಇದ್ದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ತೊಂದರೆ ಏನೆಂದರೆ ಹಸು ಗಂಜಲ ಹಾಕುವ ತನಕ ಕಾಯಬೇಕು. ಹಿಂಭಾಗದಲ್ಲಿ ಮೆಲ್ಲಗೆ ಸವರಿದರೆ ಕೆಲವು ಹಾಕುತ್ತವೆ, ಕೆಲವು ಒದೆಯುತ್ತವೆ. ಹಾಲಿನ ಪರೀಕ್ಷೆ ಸುಲಭ, ಹೇಗೂ ದಿನಾ ಹಾಲು ಕರೆಯುತ್ತೇವೆ. ಆದರೆ ಹಾಲಿನಲ್ಲಿ ಕೀಟೋನ್ ರಕ್ತಕ್ಕಿಂತ ಕಡಿಮೆ ಇರುತ್ತದೆ, ಸಣ್ಣ ಮಟ್ಟದ್ದು ಕೈತಪ್ಪಬಹುದು. ಬರೀ ಒಂದೆರಡು ಹಸು ಇರುವವರಿಗೆ ನಾನು ಹಾಲು ಅಥವಾ ಗಂಜಲದ ಪಟ್ಟಿಯನ್ನೇ ಹೇಳುತ್ತೇನೆ. ಅವರಿಗೆ ಈ ಮೀಟರ್ ಬೇಕಾಗಿಲ್ಲ.

ಉಸಿರು ಸರಿ ಇದೆ ಅಂದರೆ ಹಸು ಆರೋಗ್ಯವಾಗಿದೆ ಅಂತ ಅರ್ಥವಲ್ಲ. ಇದನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಇನ್ನೊಂದು ಹಸು ಕರು ಹಾಕಿದ ಮರುದಿನ ಮಂಕಾಗಿ ಕೂತಿತು. ಕಿವಿ ತಣ್ಣಗಿತ್ತು, ಕತ್ತು ಪಕ್ಕಕ್ಕೆ ವಾಲಿತ್ತು. ಮೀಟರ್ ಮಾಮೂಲಿ ಸಂಖ್ಯೆ ತೋರಿಸಿತು. ಅದು ಕ್ಯಾಲ್ಸಿಯಂ ಕೊರತೆಯ ಹಾಲುಜ್ವರ. ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕಿದ ಮೇಲೆ ಎದ್ದು ನಿಂತಿತು. ಆ ಹೊತ್ತಿನಲ್ಲಿ ಉಸಿರು ನೋಡುತ್ತಾ ಕೂರುವುದು ಅಪಾಯ. ಕೆಚ್ಚಲು ಬಾವು, ಗರ್ಭಕೋಶದ ಸೋಂಕು, ಕಾಲಿನ ನೋವು ಇವನ್ನೂ ಈ ಮೀಟರ್ ಹೇಳುವುದಿಲ್ಲ. ನೋವಿನಿಂದ ಹಸು ಮೇವು ಬಿಟ್ಟರೆ ಆಮೇಲೆ ಅಸಿಟೋನ್ ಏರಬಹುದು. ಆಗ ಏರಿದ ಸಂಖ್ಯೆಯ ಹಿಂದೆ ಬೇರೊಂದು ಕಾಯಿಲೆ ಇರುತ್ತದೆ. ಹಸುವಿನ ನಾಲ್ಕನೇ ಹೊಟ್ಟೆ ತನ್ನ ಜಾಗ ತಪ್ಪಿ ಸರಿದಾಗಲೂ ಕೀಟೋಸಿಸ್ ಜೊತೆಗೇ ಇರುವುದುಂಟು. ಗ್ಲೈಕಾಲ್ ಕುಡಿಸಿದರೂ ಸಂಖ್ಯೆ ಇಳಿಯದಿದ್ದರೆ ಡಾಕ್ಟರು ಪಕ್ಕೆಲುಬಿನ ಮೇಲೆ ಬೆರಳಿನಿಂದ ತಟ್ಟಿ ಸ್ಟೆತಸ್ಕೋಪ್ ಇಟ್ಟು ಕೇಳುವುದು ಇದಕ್ಕೇ.

ಸ್ವಚ್ಛತೆ ವಿಷಯದಲ್ಲಿ ಕಂಪನಿಯ ಮೇಲೆ ನನಗೆ ನಿಜವಾಗಿ ಕೋಪ ಇದೆ. ಒಂದು ಹಸುವಿನ ಮೂಗಿಗೆ ಹಿಡಿದ ಮುಖವಾಡವನ್ನು ಇನ್ನೊಂದರ ಮೂಗಿಗೆ ಹಿಡಿಯುತ್ತೇವೆ. ಸಿಂಬಳ, ಜೊಲ್ಲು ಎಲ್ಲ ಅದಕ್ಕೆ ಹತ್ತಿರುತ್ತದೆ. ಶ್ವಾಸಕೋಶದ ಸೋಂಕು ಹರಡಲು ಇದಕ್ಕಿಂತ ಸುಲಭದ ದಾರಿ ಬೇಕೇ? ಡಬ್ಬಿಯಲ್ಲಿ ಕೊಟ್ಟದ್ದು ಒಂದೇ ಮುಖವಾಡ. ತೊಳೆಯಿರಿ ಅಂತಷ್ಟೇ ಕೈಪಿಡಿಯಲ್ಲಿದೆ, ಯಾವುದರಿಂದ ಅಂತ ಇಲ್ಲ. ಸ್ಪಿರಿಟ್‌ನಿಂದ ಒರೆಸಿದರೆ ಸಂಖ್ಯೆ ಜಿಗಿಯುತ್ತದೆ, ಮೇಲೆ ಹೇಳಿದೆನಲ್ಲ. ನಾವು ಇನ್ನಷ್ಟು ಮುಖವಾಡ ತರಿಸಿಕೊಂಡು, ಸೋಪು ನೀರಿನಲ್ಲಿ ತೊಳೆದು, ವಾಸನೆ ಇಲ್ಲದ ಸೋಂಕುನಾಶಕದಲ್ಲಿ ಅದ್ದಿ, ಚೆನ್ನಾಗಿ ಜಾಲಿಸಿ ಒಣಗಿಸುತ್ತೇವೆ. ಕೆಮ್ಮುವ ಹಸುವಿಗೆ ಈ ಮೀಟರ್ ಮುಟ್ಟಿಸುವುದೇ ಇಲ್ಲ. ಹಸುವಿನ ಕ್ಷಯ ಮನುಷ್ಯರಿಗೂ ಬರುತ್ತದೆ. ಮೂತಿಯ ಹತ್ತಿರ ಮುಖವಿಟ್ಟು ಕೆಲಸ ಮಾಡುವವರು ತಮ್ಮ ಮೂಗು ಬಾಯಿಗೂ ಮಾಸ್ಕ್ ಹಾಕಿಕೊಳ್ಳಬೇಕು. ಅತ್ತಿಗೆ ಹಾಕದೆ ನಿಂತರೆ ನಾನು ‘ಮೊದಲು ಮಾಸ್ಕ್ ಹಾಕ್ಕೊಳ್ಳಿ’ ಅಂತ ಬೆನ್ನು ಬೀಳುತ್ತೇನೆ.

ಉಳಿದ ತೊಂದರೆಗಳನ್ನು ಬೇಗ ಹೇಳುತ್ತೇನೆ. ತೇವ ಹಿಡಿಯುವ ಫಿಲ್ಟರ್ ಬೇಗ ಒದ್ದೆಯಾಗುತ್ತದೆ, ಒದ್ದೆಯಾದರೆ ಸಂಖ್ಯೆ ಕೆಳಗೆ ಬರುತ್ತದೆ, ಅದರ ಎಚ್ಚರಿಕೆ ಪರದೆಯಲ್ಲಿ ಬರುವುದಿಲ್ಲ. ಫೋನ್ ಆ್ಯಪ್ ಇಂಟರ್ನೆಟ್ ಇಲ್ಲದೆ ಹಳೆಯ ಅಳತೆಗಳನ್ನು ತೋರಿಸುವುದಿಲ್ಲ. ಸೆನ್ಸರ್‌ನ ಅಳತೆ ಕಾಲ ಕಳೆದಂತೆ ತಪ್ಪುತ್ತಾ ಹೋಗುತ್ತದೆ, ಗೊತ್ತಿರುವ ಪ್ರಮಾಣದ ಅಸಿಟೋನ್ ಗಾಳಿಯಿಂದ ಮತ್ತೆ ಸರಿಪಡಿಸಬೇಕು. ಅದಕ್ಕೆ ಮೀಟರನ್ನೇ ಅವರಿಗೆ ಕಳಿಸಬೇಕಂತೆ. ಕಳಿಸಿದಾಗ ತಿರುಗಿ ಬರಲು ತಡವಾಯಿತು, ಫೋನ್ ಎತ್ತಿದವರಿಗೆ ಉತ್ತರ ಗೊತ್ತಿರಲಿಲ್ಲ. ಬ್ಯಾಟರಿ ಮಾತ್ರ ಚೆನ್ನಾಗಿದೆ. ಬಿದ್ದರೂ ಒಡೆಯಲಿಲ್ಲ.

ಆಡು ಕುರಿಗಳಿಗೆ ಅಂತ ಸಣ್ಣ ಮುಖವಾಡ ಸಿಗುತ್ತದೆ. ಅವುಗಳಲ್ಲಿ ಕೀಟೋನ್ ತೊಂದರೆ ಬರುವುದು ಮರಿ ಹಾಕುವ ಮೊದಲು, ಹೊಟ್ಟೆಯಲ್ಲಿ ಎರಡು ಮೂರು ಮರಿ ಇದ್ದಾಗ. ಪರಿಚಯದವರ ಆಡುಗಳ ಮೇಲೆ ನೋಡಿದೆ. ಅವು ನಿಲ್ಲುವುದೇ ಇಲ್ಲ. ತುಂಬಿದ ಗಬ್ಬದ ಆಡನ್ನು ಹಿಡಿದು ಹೆದರಿಸುವುದು ಒಳ್ಳೆಯದೂ ಅಲ್ಲ. ಆ ಮುಖವಾಡ ಕೊಳ್ಳಬೇಡಿ ಅಂತಲೇ ನನ್ನ ಮಾತು.

ಇನ್ನು ಡಬ್ಬಿಯ ಮೇಲಿನ ಆ ದೊಡ್ಡ ಮಾತು. ‘ಮುಂದೆ ಕ್ಷಯ, ನ್ಯುಮೋನಿಯಾ ಕೂಡ’ ಅಂತ ಕೆಳಗೆ ಸಣ್ಣ ಅಕ್ಷರ ಇದೆ. ಇದು ಪೂರ್ತಿ ಗಾಳಿಯ ಮಾತಲ್ಲ. 1971ರಲ್ಲೇ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಅವರ ತಂಡ ಮನುಷ್ಯರ ಉಸಿರಿನಲ್ಲಿ ಸುಮಾರು 250 ಬಗೆಯ ವಸ್ತುಗಳಿವೆ ಅಂತ ತೋರಿಸಿತ್ತು. ಹಸುವಿನ ಉಸಿರಿನಿಂದ ಕೀಟೋಸಿಸ್ ಹಿಡಿಯುವ ಬಗ್ಗೆ 1996ರಲ್ಲೇ ಸಂಶೋಧಕರು ಬರೆದಿದ್ದಾರೆ. 2012ರಲ್ಲಿ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯವರೂ ಸೇರಿದ ತಂಡ ನ್ಯಾನೋ ಸೆನ್ಸರ್‌ಗಳ ಸಾಲಿನಿಂದ ಹಸುಗಳ ಕ್ಷಯ ಹುಡುಕಿತು. ಸೋಂಕಿದ್ದ ಎಲ್ಲ ಹಸುಗಳನ್ನೂ ಅದು ಗುರುತಿಸಿತು. ಆದರೆ ಸೋಂಕಿಲ್ಲದವುಗಳಲ್ಲಿ ನೂರಕ್ಕೆ 21ನ್ನೂ ಸೋಂಕಿತ ಅಂದಿತು. ಐದು ಒಳ್ಳೆಯ ಹಸುಗಳಲ್ಲಿ ಒಂದಕ್ಕೆ ಕ್ಷಯದ ಹೆಸರು ಬಂದರೆ ಸಾಕುವವರ ಗತಿ ಏನು? 2015ರಲ್ಲಿ ಆಡುಗಳ ಮೇಲೆ ಇನ್ನೊಂದು ಕೆಲಸ ಪ್ರಕಟವಾಯಿತು. ಕರುಳಿನ ಜೋನ್ಸ್ ಕಾಯಿಲೆಯ ಗುರುತನ್ನು ಉಸಿರಿನಲ್ಲೂ ಹಿಕ್ಕೆಯ ಮೇಲಿನ ಗಾಳಿಯಲ್ಲೂ ಹುಡುಕಿದ್ದರು.

ಈ ಕಾಯಿಲೆಗಳಿಗೆ ಅಸಿಟೋನ್‌ನಂಥ ಒಂದೇ ಗುರುತು ಇಲ್ಲ, ಕಷ್ಟ ಇರುವುದು ಇಲ್ಲೇ. ಹತ್ತಾರು ಆವಿಗಳು ಒಟ್ಟಿಗೆ ಸ್ವಲ್ಪ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತವೆ. ಮೇವು, ವಯಸ್ಸು, ಕೊಟ್ಟಿಗೆಯ ಗಾಳಿ ಬದಲಾದರೂ ಅವೇ ಆವಿಗಳು ಹೆಚ್ಚು ಕಡಿಮೆ ಆಗುತ್ತವೆ. ಅದನ್ನು ಬಿಡಿಸಿ ನೋಡಲು ಪ್ರಯೋಗಾಲಯದ ದೊಡ್ಡ ಯಂತ್ರ ಬೇಕು. ರಸಮೇವಿಗೇ ತಡಬಡಾಯಿಸುವ ಒಂದು ಸೆನ್ಸರ್‌ನಿಂದ ಅದು ಆಗದು. ಆದರೂ ಈ ಕೆಲಸ ಮುಂದೆ ಹೋಗಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಈಗಿನ ಕ್ಷಯ ಪರೀಕ್ಷೆಯಲ್ಲಿ ಕತ್ತಿನ ಚರ್ಮಕ್ಕೆ ಟ್ಯೂಬರ್ಕುಲಿನ್ (ಕ್ಷಯದ ರೋಗಾಣುವಿನಿಂದ ತೆಗೆದ ಸತ್ವ) ಚುಚ್ಚಿ, 72 ಗಂಟೆ ಬಿಟ್ಟು ಊತ ಅಳೆಯಲು ಮತ್ತೆ ಬರಬೇಕು. ಎರಡು ಸಲ ಎಲ್ಲ ಹಸುಗಳನ್ನೂ ಕಟ್ಟಿ ಹಿಡಿಯಬೇಕು. ಒಂದೇ ಸಲಕ್ಕೆ, ನಿಂತ ನಿಲುವಿನಲ್ಲೇ ತಿಳಿಯುವ ಹಾಗಾದರೆ ಹಸುಗಳಿಗೂ ಡಾಕ್ಟರಿಗೂ ಎಷ್ಟು ಅನುಕೂಲ! ಆ ದಿನ ಬರುವ ತನಕ ಈ ಬಗೆಯ ಮೀಟರ್ ತೋರಿಸಿ ‘ಕ್ಷಯ ಇಲ್ಲ’ ಅಂತ ಹಸು ಮಾರಲು ಬಂದವರನ್ನು ನಂಬಬೇಡಿ.

ಕೊಳ್ಳುವ ಮನಸ್ಸಿದ್ದರೆ ಮಾರುವವರನ್ನು ನಿಮ್ಮ ಕೊಟ್ಟಿಗೆಗೇ ಕರೆಸಿ. ಅವರ ಮಳಿಗೆಯಲ್ಲಿ ಎಲ್ಲ ಮೀಟರೂ ಚೆನ್ನಾಗಿಯೇ ನಡೆಯುತ್ತದೆ. ಹಾಲು ಬತ್ತಿಸಿದ ಆರೋಗ್ಯದ ಹಸುವಿಗೆ ರಸಮೇವು ಹಾಕಿ, ಅದು ತಿನ್ನುತ್ತಿರುವಾಗಲೇ ಅಳೆದು ತೋರಿಸಿ ಅನ್ನಿ. ಸಂಖ್ಯೆ ಎಷ್ಟು ಜಿಗಿಯುತ್ತದೆ ನೋಡಿ. ತೇಗು ಬಂದಾಗ ಏನು ಮಾಡುತ್ತದೆ ಕೇಳಿ. ಮುಖವಾಡ ಬಿಡಿಯಾಗಿ ಸಿಗುತ್ತದೆಯೇ, ಸೆನ್ಸರ್ ಸರಿಪಡಿಸಲು ಕಳಿಸಿದಾಗ ಬದಲಿ ಮೀಟರ್ ಕೊಡುತ್ತಾರೆಯೇ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಜೊತೆಗೆ ರಕ್ತದ ಮೀಟರೂ ಪಟ್ಟಿಗಳೂ ಮನೆಯಲ್ಲಿರಲಿ, ಇಲ್ಲವೇ ಬೇಗ ಬರುವ ಡಾಕ್ಟರು ಇರಲಿ. ಎರಡೂ ಇಲ್ಲದವರು ಮೊದಲು ರಕ್ತದ ಮೀಟರ್ ಕೊಳ್ಳಿ. ಉಸಿರಿನದ್ದು ಆಮೇಲೆ.